ಎರಡು ಮಣಿ ಕಡಿಮೆ

ಮುರಿಗೆವ್ವನ ಅಂಗಡಿಗೆ ಬೋರ್ಡಿಲ್ಲ.
ಇಳಕಲ್ಲಿನ ಆ ಓಣಿಯಲ್ಲಿ
ಕುಣಿಮಗ್ಗದ ಸದ್ದು ಎಲ್ಲಿ ನಿಲ್ಲುತ್ತದೋ
ಅದರ ಮುಂದಿನ ಬಾಗಿಲು ಎಂದು ಕೇಳಿಕೊಂಡು ಬರುತ್ತಾರೆ.

ಮೊಣಕಾಲ ಮೇಲೆ ಖಣದ ಹಳೇ ತುಂಡು,
ಮಣಿ ಉರುಳಬಾರದಲ್ಲ.
ಇಂಜೆಕ್ಷನ್ನಿನ ಖಾಲಿ ಸೀಸೆಗಳಲ್ಲಿ ಬಣ್ಣಗಳು.
ಯಾವುದಕ್ಕೂ ಚೀಟಿಯಿಲ್ಲ.
ನಾನು ಕೆಲಸಕ್ಕೆ ಸೇರಿದ ದಿನವೇ ಹೇಳಿದ್ದಳು:
"ಬರೇ ನೀಲಿ ಅನಬ್ಯಾಡ. ಯಾವ ನೀಲಿ?
ಅಗಸಿ ಹೂವಿನ ಮುಂಜಾನಿದ್ದೋ, ಮಧ್ಯಾಹ್ನದ್ದೋ?"
ಮಧ್ಯಾಹ್ನಕ್ಕೆ ಅಗಸಿ ಹೂವೇ ಉದುರಿರುತ್ತದೆ ಎಂದು
ನನಗೆ ತಿಳಿದದ್ದು ಮುಂದಿನ ಚಳಿಗಾಲ.

ಕುಸುಬಿಗೆ ಮೂರು ಸೀಸೆ:
ಅರಳುವಾಗ ಹಳದಿ, ಬಾಡುತ್ತ ಕೆಂಪೇರುವ ಹಠಮಾರಿ ಅದು.
ತೆಗೆಯುವಾಗೆಲ್ಲ ಒಂದು ಬೈಗುಳ,
ಮುಳ್ಳಿನ ನೆನಪಿಗೆ.

ಈ ಸಲ ಗುಡೂರವರ ಮನೆಯ ಮದುವೆ.
ಸೆರಗಿನ ಟೋಪತೆನಿಗೆ ಹೊಂದುವಂಥ ಕೊರಳ ಸರ,
ಒಂಬತ್ತು ತೆನೆ, ಬಿಳಿಜೋಳದ್ದು.
ಹುಡುಗಿಯ ತಾಯಿ ಮೊಬೈಲು ಹಿಡಿದಳು,
ಯಾವುದೋ ಊರಿನ ಯಾವುದೋ ಹಾರ.
ಮುರಿಗೆವ್ವ ಕನ್ನಡಕ ಹಾಕಲೇ ಇಲ್ಲ.
"ತೆನಿ ನೋಡಾಕ ಫೋನ್ ಯಾಕವ್ವ"
ಎಂದು ಹುನಗುಂದದ ರಸ್ತೆ ಹಿಡಿದವಳು
ಸಂಜೆ ಮರಳಿದಳು, ಚಪ್ಪಲಿಗೆ ಮೆತ್ತಿದ ಎರೆಮಣ್ಣು,
ಸೆರಗಿನ ಗಂಟಿನಲ್ಲಿ ಮುಷ್ಟಿ ಕಾಳು.

ಬಿಳಿ ಎಂಬುದು ಬಿಳಿಯಲ್ಲ.
ಸುಣ್ಣದ್ದಲ್ಲ, ಹಾಲಿನದ್ದಲ್ಲ,
ಕೂಸಿನ ಮೊದಲ ಹಲ್ಲಿನದ್ದು, ಬುಡಕ್ಕೊಂದು ಕಪ್ಪು ಚುಕ್ಕಿ.
ಏಳು ಡಬ್ಬಿ ಸುರುವಿ ಆರಿಸಿದೆವು.
ಎಂಟು ದಿನ ನನ್ನ ಕನಸಿನಲ್ಲೂ ಸೂಜಿ.

ಒಂಬತ್ತನೆಯ ದಿನ ಮಧ್ಯಾಹ್ನ
ತೆನೆಗಳು ಕಿಟಕಿಯ ಕಟ್ಟೆಯ ಮೇಲೆ,
ದಾರಕ್ಕೆ ಹಚ್ಚಿದ ಜೇನುಮೇಣ ಕೂರಲಿ ಎಂದು.
ಗುಬ್ಬಿ ಬಂತು.
ಕುಕ್ಕಿತು. ಎಳೆಯಿತು. ಮತ್ತೆ ಕುಕ್ಕಿತು.
ಕತ್ತು ಓರೆ ಮಾಡಿ ನಮ್ಮತ್ತ ನೋಡಿತು,
ತೂಕ ಹೊಡೆದ ಅಂಗಡಿಯವನನ್ನು
ಗಿರಾಕಿ ನೋಡುವ ಹಾಗೆ.

ನಾನು ಚಪ್ಪಾಳೆ ತಟ್ಟಿದೆ.
"ಹಕ್ಕಿನೂ ನಂಬತು ನೋಡವ್ವ! ಇನ್ನ ಯಾವ ಬಹುಮಾನ ಬೇಕು?"
ಅವಳು ನಗಲಿಲ್ಲ.
ಸೂಜಿಯನ್ನು ಖಣಕ್ಕೆ ಚುಚ್ಚಿಟ್ಟಳು.

"ಏಳು ವರ್ಷದಾಕಿ ಇದ್ದಾಗ
ಹೊಲದಾಗ ಅಟ್ಟದ ಮ್ಯಾಲ ನಿಂದರಸ್ತಿದ್ರು, ಕೈಯಾಗ ಕವಣಿ.
ಒದರಿ ಒದರಿ ಗಂಟಲ ಹರೀತಿತ್ತು.
ನಮ್ಮಪ್ಪ ಅಂತಿದ್ದ: ಕಲ್ಲ ಒಗಿ, ತಾಗಸಬ್ಯಾಡ.
ಒಂದೀಟು ತಿನ್ನಲಿ. ಅವೂ ಲೆಕ್ಕದಾಗ ಅದಾವ."

ಆಮೇಲೆ ಬಹಳ ಹೊತ್ತು ಪಕ್ಕದ ಮಗ್ಗವೇ ಮಾತಾಡಿತು.

"ಅವತ್ತ ಕಾಳಿತ್ತು, ಓಡಿಸಿದೆ.
ಇವತ್ತ ತಾನ ಬಂದೈತಿ,
ಗಾಜು ತಿನಸಾಕ ನಿಂತೀನಿ."

ಸೆರಗಿನ ಗಂಟು ಬಿಚ್ಚಿ ಕಟ್ಟೆಯ ಮೇಲೆ ಹರಡಿದಳು.
ಗುಬ್ಬಿ ತಿರುಗಿ ಬರಲಿಲ್ಲ,
ಇರುವೆ ಬಂದವು.
ನಾಲ್ಕನೆಯ ತೆನೆಯ ದಾರ ಸಡಿಲಿಸಿ
ಎರಡು ಮಣಿ ತೆಗೆದಳು, ಹಸಿರು ಹೊಟ್ಟನ್ನು ಹಾಗೇ ಬಿಟ್ಟು.
ಗಂಟು ಹಾಕಿ ಹಲ್ಲಿನಲ್ಲಿ ಕಡಿದಳು.

ಹುಡುಗಿಯ ತಾಯಿ ಎಣಿಸದೆ ಬಿಡುವವಳಲ್ಲ.
"ಇಲ್ಲಿ ಎರಡು ಬಿದ್ದಾವಲ್ರೀ?"
"ಬಿದ್ದಿಲ್ರೀ. ಗುಬ್ಬಿ ತಿಂದೈತಿ."
ಆಕೆ ನನ್ನ ಮುಖ ನೋಡಿದಳು, ನಾನು ಸೀಸೆಗಳನ್ನು ನೋಡಿದೆ.
ನೂರು ರೂಪಾಯಿ ಮುರಿದುಕೊಂಡೇ ಕೊಟ್ಟಳು.

ಮುರಿಗೆವ್ವ ಚೌಕಾಸಿ ಮಾಡಲಿಲ್ಲ.
ಸಂಜೆ ದೀಪ ಹಚ್ಚಿ, ಲೆಕ್ಕದ ವಹಿ ನನ್ನ ಮುಂದೆ ಸರಿಸಿ,
"ಬರಿ" ಅಂದಳು.
ಬರೆದೆ:
ದಾರ, ಎಂಬತ್ತು. ಮೇಣ, ನಲವತ್ತು.
ಗುಬ್ಬಿಗೆ, ನೂರು.