ಎಡಗಾಲಿನ ಮೀಟರು

ಮ್ಯಾಟಡೋರಿನ ಎಂಜಿನ್ನಿರುವುದು ಹೊರಗಲ್ಲ,
ಒಳಗೆ, ನನ್ನ ಎಡಮೊಣಕಾಲಿನ ಪಕ್ಕ,
ರೆಕ್ಸಿನ್ ಹೊದ್ದ ತಗಡಿನ ಗೂಡಿನಲ್ಲಿ.
ಜಾಗ ಸಾಲದ ಬಸ್ಸಿನ ನೆಂಟನ ಹಾಗೆ
ಒತ್ತಿಕೊಂಡೇ ಕೂತಿರುತ್ತದೆ.

ಟೆಂಪರೇಚರ್ ಮುಳ್ಳು ಸತ್ತು ಆರು ವರ್ಷ.
ಈಗ ಮೀಟರೆಂದರೆ ನನ್ನ ಪ್ಯಾಂಟಿನ ಎಡಗಾಲು,
ಮತ್ತೆ ಗೂಡಿನ ಮೇಲೆ ಸಾಲಾಗಿ ಕೂತ ಟಿಫಿನ್ ಡಬ್ಬಿಗಳು.
ಬೆಂಡೇಕೆರೆಯಲ್ಲಿ ಏಳು, ಜಾಜೂರಿನಲ್ಲಿ ಐದು,
ಅರಸೀಕೆರೆ ಮುಟ್ಟುವ ಹೊತ್ತಿಗೆ ಹತ್ತೊಂಬತ್ತು.
ಇಡ್ಲಿಗೆ ಹದವಾದ ಬಿಸಿ ಗಾಡಿಗೂ ಹದ.
ಸ್ಟೀಲು ಮುಟ್ಟಿ ಮಕ್ಕಳು ಕೈ ಕೊಡವಿದರೆ
ಮುಂದಿನ ಹುಣಸೆಮರದ ಕೆಳಗೆ ನಿಲ್ಲಿಸಬೇಕು.

ಶಿವರಾತ್ರಿ ಕಳೆದರೆ ರೈಲ್ವೆ ಗೇಟೇ ಶತ್ರು.
ಗೂಡ್ಸು ಬರುತ್ತದೆ, ಬರುತ್ತಲೇ ಇರುತ್ತದೆ.
ನಿಂತ ಗಾಡಿಗೆ ಗಾಳಿಯಿಲ್ಲ,
ಫ್ಯಾನಿಗೆ ಮಂಪರು.
"ಆಫ್ ಮಾಡಣ್ಣ" ಅನ್ನುತ್ತಾನೆ ಹಿಂದಿನ ಟ್ರ್ಯಾಕ್ಟರಿನವನು.
ಅವನಿಗೇನು ಗೊತ್ತು,
ಆಫ್ ಮಾಡಿದ ಮೇಲೇ ಇದಕ್ಕೆ ಕಾವು ಏರುವುದು.
ನೀರು ನಿಂತುಬಿಡುತ್ತದೆ, ಬಿಸಿ ನಿಲ್ಲುವುದಿಲ್ಲ.
ಆಕ್ಸಿಲರೇಟರ್ ಮೇಲೆ ಹಗುರ ಕಾಲಿಟ್ಟು
ಫ್ಯಾನನ್ನು ಎಬ್ಬಿಸುತ್ತೇನೆ.
ಮಕ್ಕಳು ಬೋಗಿ ಎಣಿಸುತ್ತವೆ, ನಲವತ್ತಮೂರು, ನಲವತ್ತನಾಲ್ಕು.
ನಾನು ಎಣಿಸುವುದು ಬೇರೆ.

ಆವತ್ತು ಪುಣ್ಯಶ್ರೀ, ಎರಡನೇ ಕ್ಲಾಸು, ಮುಂದಿನ ಹಲ್ಲಿಲ್ಲ,
"ಅಂಕಲ್, ನನ್ ಮೊಸರನ್ನ ಕುದೀತಾ ಐತೆ" ಅಂದಳು.
ಎಲ್ಲ ನಕ್ಕವು.
ನಾನು ಹತ್ತೊಂಬತ್ತನ್ನೂ ಇಳಿಸಿ, ಹೊಂಗೆಯ ನೆರಳಿಗೆ ಕಳಿಸಿ,
ರೇಡಿಯೇಟರ್ ಮುಚ್ಚಳದ ಮುಂದೆ
ಕುಕ್ಕರಗಾಲಲ್ಲಿ ಕೂತೆ. ತೆಗೆಯಲಿಲ್ಲ.
ತೆಗೆದವನನ್ನು ಬಲ್ಲೆ, ಬಾಣಾವರದ ತಿಪ್ಪಯ್ಯ,
ಅವನ ಕೆನ್ನೆ ಇವತ್ತಿಗೂ ಸುಟ್ಟ ಬದನೆಕಾಯಿ ಸಿಪ್ಪೆ.
ಮುಕ್ಕಾಲು ಗಂಟೆ. ಸ್ಕೂಲಿನಿಂದ ಮೂರು ಫೋನು.
ಏನ್ ಮಾಡ್ತಿದೀರಿ ಅಂದರು ಹೆಡ್ ಮೇಡಮ್ಮು.
ಕೂತಿದೀನಿ ಮೇಡಂ ಅಂದೆ.
ಅದೇ ಆವತ್ತಿನ ರಿಪೇರಿ.

ಜಬ್ಬಾರ್ ಸಾಬರು ರೇಡಿಯೇಟರ್ ಬಿಚ್ಚಿ ಬಿಸಿಲಿಗೆ ಹಿಡಿದರು.
ಮೇಲೆಲ್ಲ ಬಿಳಿ ಹಳುಕು, ತಳದಲ್ಲಿ ಹಳದಿ ಕೆಸರು.
"ಅರಿಶಿನ ಯಾರು ಹಾಕಿದ್ದು?"
ನಾನೇ. ದೀಪಾವಳಿ ಹೊತ್ತಿಗೆ, ಸೋರುತ್ತಿತ್ತೆಂದು, ಅರ್ಧ ಪೊಟ್ಟಣ.
"ನೀರು ಎಲ್ಲೀದು?"
ಮನೆ ಮುಂದಿನ ಬೋರಿಂದು. ನಾವೂ ಅದನ್ನೇ ಕುಡಿಯೋದು ಅಂದೆ.
ಅವರು ಪೈಪಿನೊಳಗಿನ ಕಲ್ಲು ನೋಡಿದರು,
ನನ್ನ ಹಲ್ಲಿನ ಕಂದು ಗೆರೆ ನೋಡಿದರು,
ಅದರ ಬಗ್ಗೆ ಏನೂ ಅನ್ನಲಿಲ್ಲ.

"ಥರ್ಮೋಸ್ಟಾಟೇ ಇಲ್ವಲ್ಲೋ! ಯಾವ ಪುಣ್ಯಾತ್ಮ ಕಿತ್ತಾಕಿದ್ದು?
ತಣ್ಣಗಿದ್ರೆ ಕ್ಷೇಮ ಅಂದ್ಕೊಂಡಿದೀರ ಎಲ್ಲ.
ಚಳಿ ಹಿಡಿದ ಎಂಜಿನ್ನೂ ಸವೀತದೆ ಕಣಪ್ಪ.
ಬಿಸಿ ಬೇಕು. ಅಳತೆ ಬೇಕು."

ಕೊಳವೆಗಳಿಗೆ ಸರಳು ಹಾಯಿಸಿ, ಬೆಸುಗೆ ಇಟ್ಟು,
ಬೆಲ್ಟು ಬಿಗಿದು, ಹೊಸ ಮುಚ್ಚಳ, ಹಸಿರು ಕೂಲಂಟು.
ಮೂರು ಸಾವಿರದ ನಾನೂರು. ಇನ್ನೂರು ಬಿಟ್ಟರು.

ಯುಗಾದಿ ಕಳೆದು ಬಿದ್ದ ಮೊದಲ ಜೋರು ಮಳೆಗೆ
ಶೀಟಿನ ಅಂಚಿಗೆ ನಾಲ್ಕು ಕ್ಯಾನು ಇಟ್ಟೆ.
ಮಳೆನೀರು ಗಾಡಿಗೆ, ಬೋರಿನ ನೀರು ನಮಗೆ.
ಹೆಂಡತಿ ಕ್ಯಾನುಗಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿ
ಪಾತ್ರೆ ತಿಕ್ಕತೊಡಗಿದಳು.
ಬೆಳಿಗ್ಗೆ ಎದ್ದು ಎಣಿಸಿದರೆ ಹೊರಗೆ ಮೂರೇ.
ನಾಲ್ಕನೆಯದು ಒಲೆಯ ಪಕ್ಕ, ಬಟ್ಟೆ ಕಟ್ಟಿಕೊಂಡು.
ನಾನು ಕೇಳಲಿಲ್ಲ.

ಜೂನಿನ ಮೊದಲ ಸೋಮವಾರ ಗೇಟು ಬಿತ್ತು.
ಐವತ್ತೆಂಟು ಬೋಗಿ.
ಎಡಗಾಲಿಗೆ ಬರೀ ಬೆಚ್ಚಗೆ, ಬೆಕ್ಕು ಒರಗಿದಷ್ಟು.
ಪುಣ್ಯಶ್ರೀ, ಈಗ ಮೂರನೇ ಕ್ಲಾಸು, ಹಲ್ಲು ಅರ್ಧ ಬಂದಿದೆ,
ಡಬ್ಬಿ ಮುಟ್ಟಿದಳು. ತಿರುಗಿಸಿ ಮತ್ತೆ ಮುಟ್ಟಿದಳು.
ಕೆನ್ನೆಗಿಟ್ಟುಕೊಂಡಳು.
"ಅಂಕಲ್, ಬಿಸೀನೇ ಆಗ್ತಿಲ್ಲ.
ಗಾಡಿ ಕೆಟ್ಟೋಯ್ತಾ?"