ಕಚ್ಚುವ ಮೊದಲು

ಬಿಜ್ಜೂರಿನ ಮರಳುಗದ್ದೆಯಲ್ಲಿ ಮಂಡಿಯೂರಿ
ಬದನೆ ಎಲೆಯ ಬೆನ್ನು ಮಗುಚುತ್ತೇನೆ.
ಭೂತಗನ್ನಡಿಯೊಳಗೆ ಒಂದು ಚದರ ಸೆಂಟಿಮೀಟರಿನ ಊರು:
ಕೆಂಪು ನುಸಿ ಹದಿನೇಳು, ಮೊಟ್ಟೆ ಮೂವತ್ತೆರಡು,
ಎಳೆಗೆ ಎಳೆ ಹೆಣೆದ ಬಲೆ, ಬಲೆಯ ಮೇಲೆ
ಗಂಗಾವಳಿ ಕಡೆಯಿಂದ ಬಂದ ಉಪ್ಪಿನ ಇಬ್ಬನಿ.
ಬರೆದುಕೊಳ್ಳುತ್ತೇನೆ. ನನ್ನ ಕೆಲಸ ಎಣಿಸುವುದು.

ಎರಡು ಕೊಡ ನೀರಿನ ನಡುವೆ ನಿಂತು
ಹನುಮಿ ಗೌಡ ಕೇಳುತ್ತಾಳೆ,
"ಇವತ್ತು ಎಂತ ಮದ್ದು ತಂಗಿ?"
ಮದ್ದಲ್ಲ, ಎನ್ನುತ್ತೇನೆ. ಇದು ಯಾರನ್ನೂ ಕೊಲ್ಲುವುದಿಲ್ಲ.
ಗಿಡದ್ದೇ ಮಾತು, ಬಾಟಲಿಯಲ್ಲಿ ತಂದಿದ್ದೇವೆ ಅಷ್ಟೆ.
ಒಂದೆಲೆಯನ್ನು ಹುಳ ಕಡಿದರೆ
ಗಿಡ ತನ್ನೊಳಗೇ ಸುದ್ದಿ ಓಡಿಸುತ್ತದೆ,
ಬುಡದ ಎಲೆಯಿಂದ ತುದಿಯ ಕುಡಿಗೆ:
ಬಂದರು,
ರಸ ಕೆಡಿಸಿಡು,
ತಿಂದದ್ದು ಅವರಿಗೆ ಅರಗದಿರಲಿ.
ಆ ಸುದ್ದಿಯನ್ನು ನಾವು ಮುಂಚೆಯೇ ಸಿಂಪಡಿಸುತ್ತೇವೆ.
ಹೆಸರು ಜಾಸ್ಮೋನಿಕ್ ಆಮ್ಲ,
ಮಲ್ಲಿಗೆ ಎಣ್ಣೆಯ ಕಡೆಯ ನೆಂಟ.

ಅವಳು ಮುಚ್ಚಳ ತೆಗೆದು ಮೂಗಿಗೆ ಹಿಡಿದಳು.
"ಮಲ್ಲಿಗೆ ಎಲ್ಲಿ? ಸ್ಪಿರಿಟಿನ ನಾತ."
ಹೌದು. ಕರಗಿಸಲು ಸ್ಪಿರಿಟು ಬೇಕು.
"ಅಂದ್ರೆ, ಕಚ್ಚದೇ ಇದ್ರೂ
ಕಚ್ಚಿತು ಹೇಳಿ ಗಿಡಕ್ಕೆ ಸುಳ್ಳು ಹೇಳೂದು."

ನನ್ನ ವರದಿಯ ಪೀಠಿಕೆ ನಾಲ್ಕು ಪುಟ.

ಕೆಂಪು ದಾರ ಕಟ್ಟಿದ ಸಾಲಿಗೆ ಸುಳ್ಳು,
ಬಿಳಿ ದಾರದ ಸಾಲಿಗೆ ಬರೀ ನೀರು, ಸ್ಪಿರಿಟು.
ನಾಲ್ಕನೆಯ ವಾರ ಕೆಂಪು ಸಾಲಿನಲ್ಲಿ
ನುಸಿ ಮೂರು, ಐದು, ಒಂದೆಲೆಯಲ್ಲಿ ಸೊನ್ನೆ.
ಆ ಸೊನ್ನೆಯನ್ನು ಎರಡು ಸಲ ಎಣಿಸಿದೆ.
ಎಲೆ ಬೀರಿದ ಯಾವುದೋ ವಾಸನೆ ಹಿಡಿದು
ನುಸಿ ತಿನ್ನುವ ನುಸಿಯೂ ಬಂದಿತ್ತು,
ಕರೆದ ಮನೆಗೆ ಬರುವ ಹಾಗೆ, ಅವಸರವಿಲ್ಲದೆ.
ಬಿಳಿ ಸಾಲಿನ ಎಲೆ ತುಕ್ಕು ತಗಡಿನ ಬಣ್ಣ.

ಆದರೆ ಬಿಳಿ ಸಾಲು ಮೊದಲು ಹೂಬಿಟ್ಟಿತು.
ಕೆಂಪು ಸಾಲಿನ ಗಿಡ ಗೇಣು ಗಿಡ್ಡ, ಎಲೆ ಒರಟು,
ಹೂವು ಹನ್ನೊಂದು ದಿನ ತಡ.
ಗೋಕರ್ಣದ ಪೇಟೆಯಲ್ಲಿ ಹನ್ನೊಂದು ದಿನ ಎಂದರೆ
ಹನ್ನೊಂದು ಬುಟ್ಟಿ. ಅದನ್ನು ಅವಳು
ಬೆರಳು ಮಡಚದೆ ಹೇಳಬಲ್ಲಳು.
"ಹೆದರ್ಸಿ ಬೆಳ್ಸದ್ದು," ಎಂದಳು,
ಗಿಡಕ್ಕೋ ನನಗೋ ಗೊತ್ತಾಗದ ಹಾಗೆ.

ಕೋಡಿಬಾಗದ ಅಡುಗೆಮನೆಯಲ್ಲಿ ಅಮ್ಮ
ನನ್ನ ಕೈ ಹಿಡಿದು ಸೀಮೆಎಣ್ಣೆ ಸ್ಟೌವಿನ ಹತ್ತಿರ ತಂದು
ಬಿಸಿ ತಾಗುವಷ್ಟರಲ್ಲಿ ಎಳೆದುಕೊಳ್ಳುತ್ತಿದ್ದಳು.
ದಿನಕ್ಕೊಮ್ಮೆ, ಒಂದು ಮಳೆಗಾಲ ಪೂರ್ತಿ.
ಚಿಕ್ಕಮ್ಮನಿಗೆ ಆ ವರ್ಷ ಏನಾಯಿತೆಂದು
ಯಾರೂ ನನಗೆ ಹೇಳಲಿಲ್ಲ.
ನಾನು ಸುಟ್ಟುಕೊಳ್ಳಲಿಲ್ಲ, ನಿಜ.
ಇಂದಿಗೂ ಗ್ಯಾಸು ಹೊತ್ತಿಸುವಾಗ
ಒಂದು ಹೆಜ್ಜೆ ಹಿಂದೆ ನಿಲ್ಲುತ್ತೇನೆ,
ಕೈ ಮಾತ್ರ ಮುಂದೆ.
ಆ ಒಂದು ಹೆಜ್ಜೆಗೆ ನನ್ನ ಪಟ್ಟಿಯಲ್ಲಿ ಕಾಲಂ ಇಲ್ಲ.

ಜನವರಿಯ ಕೊನೆಗೆ ತೂಗಿದೆವು.
ಬಿಳಿ ಸಾಲು ಬೇಗ ಕೊಟ್ಟು ಬೇಗ ಬಾಗಿತ್ತು.
ಕೆಂಪು ಸಾಲು ಆಗಷ್ಟೇ ಶುರುವಾಗಿತ್ತು,
ಕಾಯಿ ಸಣ್ಣ, ತೂತಿಲ್ಲ.
ತಕ್ಕಡಿ ಯಾರ ಕಡೆಗೂ ಮಾತಾಡಲಿಲ್ಲ.
"ಮುಂದಿನ ಸಲ ಅಂಚಿನ ಸಾಲಿಗೆ ಹೊಡಿ ಸಾಕು,
ನಡುವಿನವು ಅವರಷ್ಟಕ್ಕೆ ಇರ್ಲಿ,"
ಎಂದು ಹೇಳಿ, ಕೆಂಪು ದಾರದ ಗಿಡದಿಂದ
ಒಂದು ಕಾಯಿ ಮುರಿದು, ಕತ್ತಿಯಲ್ಲಿ ಸೀಳಿ
ಹಸಿಯಾಗಿಯೇ ಬಾಯಿಗಿಟ್ಟುಕೊಂಡಳು.
ನಾನು ಪೆನ್ನು ಹಿಡಿದು ಕಾದೆ.

"ಕಹಿ ಇಲ್ಲ."
ಇನ್ನಷ್ಟು ಅಗಿದಳು.
"ಬೀಜ ಜಾಸ್ತಿ."

ಬರೆದುಕೊಂಡೆ.