ಎರೆ

ಗಾಳ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು
ಕ್ಯಾಜುವಾಲಿಟಿಗೆ ಬಂದಿದ್ದ ಮರೆಪ್ಪ, ಚೈತ್ರದ ಒಂದು ಮಧ್ಯಾಹ್ನ.
ಹಿಂದಕ್ಕೆ ಎಳೆಯಲು ಹೋಗಿ ಅರ್ಧ ತಾಸು
ತನ್ನ ಜೊತೆ ತಾನೇ ಜಗಳಾಡಿದ್ದನಂತೆ.
ನಾನು ಮುಂದಕ್ಕೆ ದೂಡಿದೆ. ಚರ್ಮ ಸೀಳಿ ಮುಳ್ಳು ಹೊರಬಂತು.
ಅದನ್ನಷ್ಟೇ ಕಚಕ್ಕನೆ ಕತ್ತರಿಸಿ
ಉಳಿದದ್ದನ್ನು ಬಂದ ದಾರಿಯಲ್ಲೇ ಕಳಿಸಿದೆ.
"ಗಾಳದ ಬುದ್ಧಿ ನಿನಗ ಗೊತ್ತದ ಯವ್ವಾ" ಅಂದ,
"ಹೊಳಿಗಿ ಬಾ ಒಂದಿನ."

ನಾನು ಹೊಳೆ ಕಂಡವಳಲ್ಲ. ಹುಮನಾಬಾದಿನವಳು,
ಬಾವಿ, ಬೋರು, ಟ್ಯಾಂಕರು ಬಲ್ಲವಳು.
ಮೀನೆಂದರೆ ಸಂತೆಯಲ್ಲಿ
ಬರ್ಫದ ಮೇಲೆ ಕಣ್ಣು ತೆರೆದು ಮಲಗಿದ್ದು.

ಗುರುಸಣಗಿ ಬ್ಯಾರೇಜಿನ ಕೆಳಗೆ ಭೀಮೆ
ಬಂಡೆಗಳ ನಡುವೆ ನಾಲ್ಕು ಎಳೆಯಾಗಿದ್ದಳು.
ಸಂಜೆಯಾದರೂ ಬಿಸಿಲು ಕಲ್ಲಿನೊಳಗೇ ಇತ್ತು, ಚಪ್ಪಲಿ ಕಳಚುವಂತಿಲ್ಲ.
ಮರೆಪ್ಪ ಬಿದಿರ ಕೋಲು ಕೊಟ್ಟ,
ಅದರ ಎರಡು ಪಟ್ಟು ಉದ್ದದ ದಾರ ಕೊಟ್ಟ.
ಎರೆ ಎಲ್ಲಿ ಅಂದೆ.
ನಕ್ಕ. "ಎರಿ ಹೊಲ ಬಾಯಿ ಬಿಟ್ಟದ, ನೋಡಿಲ್ಲೇನು?
ಕೈ ಹಿಡಿಸೋವಷ್ಟು ಬಿರುಕು.
ಎರೆಹುಳ ಪಾತಾಳಕ್ಕ ಇಳದಾವ.
ಈಗ ಸುಳ್ಳೇ ಕಟ್ಟಬೇಕು."

ಒಂದೇ ಮಾತು ನಮ್ಮಲ್ಲಿ, ಮಣ್ಣಿಗೂ ಹುಳಕ್ಕೂ
ಮೀನಿಗೆ ತೋರಿಸುವ ಆಸೆಗೂ.
ಮೂರರಲ್ಲಿ ಎರಡು ಒಣಗಿದ್ದವು;
ಮೂರನೆಯದನ್ನು ಅವನು ಬೀಡಿ ಡಬ್ಬಿಯಿಂದ ತೆಗೆದ:
ಹುಂಜದ ಕುತ್ತಿಗೆಯ ಕೆಂಚು ಗರಿ,
ಮಗಳ ಕುಪ್ಪಸ ಹೊಲಿದು ಉಳಿದ ಕರಿ ದಾರ,
ತೊಗರಿ ಬೇಳೆಯಷ್ಟು ಗಾಳ.
ಸುತ್ತಿದ, ಸುತ್ತಿದ, ಉಗುಳು ಹಚ್ಚಿದ.
ಮಳೆಯ ಸುಳಿವಿಲ್ಲದ ದಿನ
ಅವನ ಅಂಗೈಯಲ್ಲಿ ಒಂದು ಮಳೆಹುಳ ಕೂತಿತ್ತು.

ದಪ್ಪ ದಾರಕ್ಕೆ ಸಣ್ಣ ನೈಲಾನು ಜೋಡಿಸುವಾಗ
ಎರಡು ಸುತ್ತು, ಆಮೇಲೊಂದು.
"ತಡೀರಿ, ಇದು ನಮ್ಮ ಗಂಟು" ಅಂದೆ.
ಹೊಟ್ಟೆ ಹೊಲಿಯುವಾಗ ಡಾಕ್ಟರು ಹಾಕುವುದು ಇದನ್ನೇ,
ಜಾರಬಾರದೆಂದು.
"ನಿಮ್ಮದಲ್ಲ ಬಿಡು" ಅಂದ ಮರೆಪ್ಪ, "ನಮ್ಮಪ್ಪಂದು."

ಬೀಸುವುದು ಬೇರೆಯೇ ವಿದ್ಯೆ.
ಮೊದಲನೆಯದು ಹಿಂದಿನ ಜಾಲಿಗೆ ಸಿಕ್ಕಿತು.
ಎರಡನೆಯದೂ ಜಾಲಿಗೇ.
ಮೂರನೆಯದು ನನ್ನ ಸೆರಗಿಗೆ;
"ಮುತ್ಯಾ, ಭಾರಿ ಮೀನ ಬಿತ್ತು!" ಅಂತ
ಅವನ ಮೊಮ್ಮಗಳು ಬಂಡೆಯ ಮೇಲೆ ಉರುಳಾಡಿ ನಕ್ಕಳು.

"ಮೊಳಕೈ ಪಕ್ಕೆಗೆ ಹಚ್ಚು.
ನಡುವ ಒಂದು ರೊಟ್ಟಿ ಇಟ್ಟೀನಿ ಅನ್ಕೋ, ಬೀಳಬಾರದು.
ಹಿಂದಕ್ಕ ಒಗಿ. ಈಗ ತಡಿ.
ತಡಿ ಅಂದ್ರ ತಡಿ!
ದಾರ ಪೂರಾ ಚಾಚಲಿ, ಆಮ್ಯಾಲ ಮುಂದಕ್ಕ.
ಜೋರ್ ಮಾಡೋದು ನಿನ್ನ ಕೆಲಸ ಅಲ್ಲ, ಬಿದಿರಿಂದು."

ತಡೆಯುವುದು ನನಗೆ ಬಾರದು.
ಹದಿನೇಳು ವರ್ಷ ಕ್ಯಾಜುವಾಲಿಟಿ,
ಅಲ್ಲಿ ತಡೆದರೆ ಹೋಗಿಬಿಡುತ್ತಾರೆ.
ಬೆನ್ನ ಹಿಂದೆ, ಕಣ್ಣಿಗೆ ಕಾಣದ ಕಡೆ,
ಒಂದು ದಾರ ತನ್ನಷ್ಟಕ್ಕೆ ನೆಟ್ಟಗಾಗುತ್ತದೆಂದು
ನಂಬುವುದಾದರೂ ಹೇಗೆ?

ಹೊತ್ತು ಇಳಿಯಿತು. ಎಷ್ಟನೆಯ ಬೀಸೋ,
ಲೆಕ್ಕ ತಪ್ಪಿತ್ತು, ತೋಳು ಸೋತಿತ್ತು, ಅದಕ್ಕೇ ಇರಬೇಕು,
ಕೈ ತಾನಾಗಿ ನಿಂತಿತು.
ಬಿದಿರಿನ ತುದಿ ಹಿಂದಿನಿಂದ ಜಗ್ಗಿತು,
ಮಗು ಸೆರಗು ಜಗ್ಗಿದ ಹಾಗೆ.
ಬಿಟ್ಟೆ.
ಹುಳ ಸದ್ದಿಲ್ಲದೆ ನೀರಿಗಿಳಿದು
ಬಂಡೆಯ ಮಗ್ಗುಲಿಗೆ ತೇಲಿತು.
ನೀರು ಉಬ್ಬಿತು, ಮುಚ್ಚಿತು.
ದಾರದ ಆ ಕೊನೆಯಿಂದ ಯಾರೋ
ನನ್ನ ನಾಡಿ ನೋಡುತ್ತಿದ್ದರು.

ಅಂಗೈಯುದ್ದದ ಗೆಂಡೆ. ತುಟಿಯಂಚಿಗೆ ಗಾಳ.
ಬಿಡಿಸುವುದನ್ನು ಯಾರೂ ಕಲಿಸಬೇಕಿರಲಿಲ್ಲ.
ಬಿಡಿಸಿ, ಹಾಗೇ ನೀರಿಗೆ ಬಗ್ಗಿದ್ದೆ.
"ಏ ಯವ್ವಾ!" ಮರೆಪ್ಪ ಕೂಗಿದ,
"ಡಿಸ್ಚಾರ್ಜ್ ಮಾಡಬ್ಯಾಡ, ಸಾರಿಗಿ ಬೇಕು!"

ರಾತ್ರಿ ಪಾಳಿ. ಮೂರನೇ ಬೆಡ್ಡಿನ ಸಲೈನು
ಹನಿ, ಹನಿ.
ಎರಡು ಸಲ ಸೋಪು ಹಚ್ಚಿದರೂ ಬೆರಳಿಗೆ ಹೊಳೆಯ ವಾಸನೆ.
ಹೊಸ ಹುಡುಗಿ ಒಬ್ಬಳು, ನರ ಸಿಗುತ್ತಿಲ್ಲವೆಂದು
ಸೂಜಿ ಹಿಡಿದು ನಡುಗುತ್ತಿದ್ದಾಳೆ.
ಮೊಳಕೈ ಪಕ್ಕೆಗೆ ಹಚ್ಚು, ಅಂದೆ.
ಈಗ ತಡಿ.